ಗೆರಿಯೊಳಗಿನ ಉಬ್ಬು

ಸಪ್ತಾಪುರದಾಗ ನಮ್ಮ ಮಾಳಿಗಿ ಮ್ಯಾಲಿನ ಖೋಲಿಗೆ
ಬಾಡಿಗಿ ಬಂದ ಹುಡುಗ ಮಾಜೋಕ್.
ನೈಲ್ ನದಿ ಕಡೆಯಾಂವ. ಬಾಗಲದಾಗ ತಲಿ ಬಗ್ಗಿಸಬೇಕು, ಅಷ್ಟು ಎತ್ತರ.
ಯುನಿವರ್ಸಿಟಿಯೊಳಗ ಅಂಕಿಸಂಖ್ಯೆ ಓದತಾನ.
ಎರಡು ವರ್ಷಕ್ಕ ಕಲತ ಕನ್ನಡ: ಹೌದ್ರಿ, ಬ್ಯಾಡ್ರಿ, ನಳಾ ಬಂತ್ರಿ.

ಮೊನ್ನೆ ಅಂಗಳದಾಗ ಕಾಲು ತೊಳಕೊಳ್ಳಾಕ ನಿಂತಾಗ
ನನ್ನ ಕಣಕಾಲ ನೋಡಿದ.
ನಾಕಾಣೆ ಅಗಲದ, ಒಳಗ ಜಗ್ಗಿದ ಕಲಿ.
ಮೂವತ್ತೆಂಟು ವರ್ಷ ಗಂಡ ಕೇಳಲಿಲ್ಲ, ಡಾಕ್ಟರ ಕೇಳಲಿಲ್ಲ.
ಈ ಹುಡುಗ ತನ್ನ ಮಾತಿನಾಗ ಏನೋ ಒಂದು ಹೆಸರು ಅಂದ,
ಬೆರಳಿಗೆ ದಾರ ಸುತ್ತಿದಂಗ ಮಾಡಿ ತೋರಿಸಿದ.
ಹೌದಪಾ ಅಂದೆ,
ನಾರುಹುಣ್ಣು.

ಓಡಿ ಹೋಗಿ ಕಂಪ್ಯೂಟರ್ ತಂದ.
ಅರ್ಧ ಹಿಂದಿ, ಅರ್ಧ ಕೈಸನ್ನಿ:
ಇದು ಅವರ ಸೀಮಿಯ ಹೊಂಡದ ಲೆಕ್ಕ,
ವರ್ಷಕ್ಕೊಂದು ಚುಕ್ಕಿ, ಚುಕ್ಕಿಗೆ ಚುಕ್ಕಿ ಕೂಡಿಸಿದ ನೀಲಿ ಗೆರಿ,
ಗುಡ್ಡಾ ಇಳಿಯೋ ದನದ ಹಾದಿ ಹಾಂಗ
ಇಳಿದು, ಇಳಿದು, ನಡುವ ಒಂದು ಕಡೆ
ತಟಕ್ಕನ ಉಬ್ಬಿತ್ತು.
ಇದೇನೋ ಅಂತ ಬೆರಳಿಟ್ಟೆ.
ಮಳಿ ಅಂದ. ಯುದ್ಧ ಅಂದ. ಗೊತ್ತಿಲ್ರಿ ಅಂದ.

ನನಗ ಗೊತ್ತೈತಿ.

ರೋಣದ ಆಚೆ ನಮ್ಮೂರಿಗೆ ದಾವಲಸಾಬ ಬರತಿದ್ದ,
ಸರಕಾರಿ ಸೈಕಲ್ಲು, ಕೆಂಪು ರಟ್ಟಿನ ಬುಕ್ಕು.
ನಲವತ್ತು. ಮೂವತ್ತೊಂದು. ಹತ್ತೊಂಬತ್ತು.
ಮುಂದಿನ ವರ್ಷ ಇಪ್ಪತ್ತಾರು.
ಬಾವಿ ಪಾವಟಿಗಿ ಮ್ಯಾಲೆ ಬುಕ್ಕ ಮಡಚಿಟ್ಟು ತಲಿ ಹಿಡಕೊಂಡು ಕುಂತ.
ಆ ಹೆಚ್ಚಿನ ಏಳು ಮಂದಿ, ಅದು ನಾನು.
ಹಿಂದಿನ ಬ್ಯಾಸಿಗ್ಯಾಗ, ಹತ್ತು ವರ್ಷದಾಕಿ,
ಕಾಲಾಗ ಕೆಂಡ ಇಟ್ಟಂಗಾಗಿ
ಯಾರೂ ಇಲ್ಲದ ಮಧ್ಯಾಹ್ನ ಬಾವಿಗಿಳಿದು
ಮೊಣಕಾಲ ಮಟಾ ನೀರಾಗ ಬಿಟ್ಟೆ.
ಸುಳ್ಳ ಯಾಕ ಹೇಳ್ಲಿ,
ಅಂಥಾ ತಂಪು ಮತ್ತೆಂದೂ ಸಿಕ್ಕಿಲ್ಲ.
ಹಾಲಿನಂಥಾದ್ದು ಒಂದೀಟು ನೀರಾಗ ಬಿತ್ತು, ಕರಗಿತು.
ಒಕ್ಕಣ್ಣಿನ ನೀರಚಿಗಟ ಅದನ್ನ ನುಂಗತಾವು,
ನಾವು ಚಿಗಟಾ ನುಂಗತೇವಿ, ಅಂತ
ಆಮ್ಯಾಲೆ ದಾವಲಸಾಬ ಹೇಳಿದ.
ಸಂಜಿಗೆ ಸೋಮವ್ವ ಚಿಗವ್ವ ಅದ ನೀರು ಕೊಡಕ್ಕ ತುಂಬಿಕೊಂಡು ಹೋದಳು.
ವರ್ಷ ಕಳದು, ಬಿತ್ತಗಿ ದಿನದಾಗ,
ಎರಡೂ ಕಾಲು ಚಾಚಿ ಪಡಸಾಲ್ಯಾಗ ಬಿದ್ದಳು.
ದಿನಕ್ಕೊಂದು ಬೆರಳಷ್ಟು ಕಡ್ಡಿಗೆ ಸುತ್ತೂದು,
ಜಗ್ಗಿದರ ಹರಿತೈತಿ, ಹರಿದರ ಕೀವು.
ಕಡ್ಡಿ ಹಿಡದು ಕುಂತಾಕಿ ನಾನ.
ಬಾಯಿ ಬಿಡಲಿಲ್ಲ.

ಮುಂದ ನೀರು ಸೋಸೂ ಅರಿವಿ ಬಂತು, ಬೋರು ಬಂತು, ಬಾವಿಗೆ ಔಷಧಿ ಬಂತು.
ಏಳು. ಎರಡು.
ಒಂದು.
ಆ ಒಂದೂ ನಾನ. ಲಗ್ನ ಗೊತ್ತಾಗಿತ್ತು, ಕಾಲು ಮುಚ್ಚಿಟ್ಟಿದ್ದೆ.
ವಾಸನಿ ಹಿಡದಂಗ ಬಂದ ಸೈಕಲ್ಲು.
ಫಕೀರವ್ವ, ಬಕೀಟಿನಾಗ ಕಾಲಿಡು,
ಆ ನೀರು ನಾ ಒಣಾ ಹೊಲಕ್ಕ ಚೆಲ್ಲತೇನಿ, ಬಾವಿಗೆ ಮಾತ್ರ ಬ್ಯಾಡ.
ಮೂರನೇ ರಾತ್ರಿ ತಡೀಲಾರದ ಬಾಗಲಾ ದಾಟಿದೆ.
ಬಾವಿ ಕಟ್ಟಿ ಮ್ಯಾಲೆ ಬೀಡಿ ಕೆಂಪಗ ಕಂಡಿತು.
ಬೈಲಿಲ್ಲ, ಎದ್ದು ಬರಲಿಲ್ಲ. ಕೆಮ್ಮಿದ, ಅಷ್ಟ.
ಹೊಳ್ಳಿ ಬಂದು ಬಕೀಟಿನಾಗ ಕಾಲಿಟ್ಟು ಬೆಳಗ ಮಾಡಿದೆ.
ಮರುವರ್ಷ ಪೆನ್ಸಿಲ್ಲು ನಾಲಿಗಿಗೆ ಹಚ್ಚಿ
ಬುಕ್ಕಿನ ತುಂಬ ಆತ ಒಂದು ಸೊನ್ನಿ ಬರದ,
ರೊಟ್ಟಿಯಷ್ಟು ದೊಡ್ಡದು.

ಇದನ್ನೆಲ್ಲಾ ಮಾಜೋಕನಿಗೆ ಎಷ್ಟು ತಿಳೀತೋ.
ಗೆರಿ ತುದಿಗೆ ಬೆರಳ ತಂದು ತೋರಿಸಿದ:
ಆ ಊರಾಗ ಹೋದ ವರ್ಷ ಒಬ್ಬಾಕೀನ, ಸಣ್ಣ ಹುಡುಗಿ.
ರಾತ್ರಿ ಆಕಿ ಬಾಜೂಕ ಯಾರರ ಕುಂತಿರತಾರೇನು, ಕೇಳಿದೆ.
ಪರದೆ ಮ್ಯಾಲೆ ಕೆಳಗ ಹುಡುಕಿದ, ಮ್ಯಾಲೆ ಹುಡುಕಿದ.
ಇಲ್ರಿ, ಅದನ್ನ ಬರದಿಲ್ರಿ.

ಅಷ್ಟರಾಗ, ಆರು ದಿನಕ್ಕ, ನಳಾ ಬಂತು.
ಬಿಂದಗಿ ಬಾಯಿಗೆ ಅರಿವಿ ಕಟ್ಟಿದೆ,
ಎರಡು ಪದರ.